ಹೆಸರಿಗೂ ಮೊದಲೇ ಇದ್ದ ಗುಂಪುಗಳು

ಹಸು ಎಂದರೆ ಏನು? ಕೊಂಬಿರುವ ಪ್ರಾಣಿ ಎಂದರೆ ಎಮ್ಮೆಯೂ ಒಳಗೆ ಬಂದುಬಿಡುತ್ತದೆ. ಕಂದು ಬಣ್ಣದ್ದು ಎಂದರೆ ಬಿಳಿ ಹಸು ಹೊರಗುಳಿಯುತ್ತದೆ. ಒಂಟಿ ಗೊರಸಿನದು ಎಂದರೆ ಒಂದು ಹಸುವೂ ಸಿಗುವುದಿಲ್ಲ. ಭಾರತದ ಹಳೆಯ ತರ್ಕಪರಂಪರೆಯಾದ ನ್ಯಾಯಶಾಸ್ತ್ರದವರು ಈ ಮೂರು ದೋಷಗಳಿಗೆ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂದು ಹೆಸರಿಟ್ಟರು. ಮೂರನ್ನೂ ದಾಟಿದ ಲಕ್ಷಣವೆಂದು ಅವರು ತೋರಿಸಿದ್ದು ಕತ್ತಿನಡಿ ಜೋಲುವ ಗಂಗೆದೊಗಲನ್ನು. ಗ್ರೀಸಿನ ಅರಿಸ್ಟಾಟಲ್ ಹಿಡಿದ ದಾರಿಯೂ ಇದಕ್ಕೆ ಹತ್ತಿರದ್ದೇ: ಒಂದು ವಸ್ತು ಯಾವ ದೊಡ್ಡ ಗುಂಪಿಗೆ ಸೇರಿದ್ದು, ಆ ಗುಂಪಿನ ಉಳಿದವುಗಳಿಗಿಂತ ಹೇಗೆ ಬೇರೆ ಎಂದು ಹೇಳಿದರೆ ಅದು ಏನೆಂದು ಹೇಳಿದಂತೆ.

ಈ ಯೋಚನೆಯ ಬೆನ್ನಿಗೇ ಇನ್ನೊಂದು ನಂಬಿಕೆಯೂ ಬೆಳೆಯಿತು. ಲಕ್ಷಣ ಹೇಳಲು ಮಾತು ಬೇಕು, ಹಾಗಾಗಿ ಮಾತಿಲ್ಲದ ಪ್ರಾಣಿಗೆ ಈ ಮರ, ಆ ಮರ ಕಂಡೀತೇ ಹೊರತು 'ಮರ' ಎಂಬುದು ಹೊಳೆಯಲಾರದು. 17ನೇ ಶತಮಾನದಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಇದನ್ನು ಖಚಿತವಾಗಿಯೇ ಬರೆದ: ಬಿಡಿ ವಸ್ತುಗಳಿಂದ ಸಾಮಾನ್ಯ ಕಲ್ಪನೆಯನ್ನು ಸೋಸಿ ತೆಗೆಯುವ ಶಕ್ತಿ ಪ್ರಾಣಿಗಳಿಗಿಲ್ಲ.

ಈ ನಂಬಿಕೆಗೆ ಪೆಟ್ಟು ಕೊಟ್ಟದ್ದು ಪಾರಿವಾಳ. 1964ರಲ್ಲಿ ಹಾರ್ವರ್ಡ್‌ನ ರಿಚರ್ಡ್ ಹರ್ನ್‌ಸ್ಟೀನ್ ಮತ್ತು ಡೊನಾಲ್ಡ್ ಲವ್‌ಲ್ಯಾಂಡ್ ತಮ್ಮ ಪಾರಿವಾಳಗಳಿಗೆ ಬಣ್ಣದ ಸ್ಲೈಡುಗಳನ್ನು ತೋರಿಸಿದರು. ಚಿತ್ರದಲ್ಲಿ ಮನುಷ್ಯರಿದ್ದಾಗ ಕುಟುಕಿದರೆ ಕಾಳು, ಇಲ್ಲದಾಗ ಕುಟುಕಿದರೆ ಏನೂ ಇಲ್ಲ. ಸ್ಲೈಡುಗಳು ಸಾವಿರಕ್ಕೂ ಮಿಕ್ಕಿ ಇದ್ದವು. ಕೆಲವದರಲ್ಲಿ ಒಬ್ಬರು, ಕೆಲವದರಲ್ಲಿ ಗುಂಪು. ಒಂದರಲ್ಲಿ ಮಗು, ಇನ್ನೊಂದರಲ್ಲಿ ಯಾವುದರದೋ ಮರೆಯಲ್ಲಿ ಅರ್ಧ ಕಾಣುವ ಆಳು. ಎಲ್ಲಕ್ಕೂ ಒಪ್ಪುವ ಒಂದು ಬಣ್ಣವಾಗಲಿ ಆಕಾರವಾಗಲಿ ಇರಲಿಲ್ಲ. ಆದರೂ ಹಿಂದೆಂದೂ ನೋಡದ ಚಿತ್ರಗಳಲ್ಲೂ ಹಕ್ಕಿಗಳು ಮನುಷ್ಯರನ್ನು ಗುರುತಿಸಿದವು. ಮುಂದೆ ಇದೇ ತಂಡ ಮರಗಳನ್ನೂ ನೀರನ್ನೂ ಹೀಗೆಯೇ ವಿಂಗಡಿಸುವಂತೆ ಪಾರಿವಾಳಗಳಿಗೆ ಕಲಿಸಿತು.

ಪಾರಿವಾಳಕ್ಕೆ 'ಮನುಷ್ಯ' ಎಂಬ ಕಲ್ಪನೆ ಇದೆ ಎಂದು ಇದರಿಂದ ಹೇಳಬಹುದೇ? ಇಲ್ಲಿ ಆತುರ ಸಲ್ಲದು. ಹಕ್ಕಿಯ ನೆನಪಿನ ಶಕ್ತಿಯೂ ಸಣ್ಣದಲ್ಲ. ಯಾವ ನಿಯಮವೂ ಇಲ್ಲದೆ ಎರಡು ಪಾಲು ಮಾಡಿದ 320 ಚಿತ್ರಗಳನ್ನು ಪಾರಿವಾಳಗಳು ಕಲಿತುಬಿಟ್ಟವೆಂದು 1984ರಲ್ಲಿ ಗೊತ್ತಾಯಿತು. ಹಾಗಾದರೆ ಹೊಸ ಚಿತ್ರ ಬಂದಾಗ ನೆನಪಿನಲ್ಲಿರುವ ಹಳೆಯ ಚಿತ್ರಗಳ ಹೋಲಿಕೆಯಿಂದಲೇ ಅದು ತೀರ್ಮಾನ ಮಾಡುತ್ತಿರಬಹುದು.

ಆದರೆ ಅಷ್ಟರಲ್ಲಿ ಮನುಷ್ಯರೂ ಬಹುಪಾಲು ಹಾಗೆಯೇ ಮಾಡುತ್ತಾರೆಂಬ ಅನುಮಾನ ಬಲವಾಗಿತ್ತು. ನನಗೆ ಈ ಇಡೀ ಚರಿತ್ರೆಯ ತಿರುವು ಕಾಣುವುದು ಇಲ್ಲೇ. ಎಲ್ಲ ಆಟಗಳಿಗೂ ಸಮಾನವಾದ ಒಂದು ಲಕ್ಷಣವನ್ನು ಹುಡುಕಿ ನೋಡಿ ಎಂದು ತತ್ವಜ್ಞಾನಿ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಕೇಳಿದ್ದ. ಸಿಗುವುದಿಲ್ಲ, ಒಂದೇ ಮನೆಯವರ ಮೂಗು, ನಗು, ನಡಿಗೆಗಳಂತೆ ಹೋಲಿಕೆಗಳು ಅಲ್ಲಲ್ಲಿ ಹೆಣೆದುಕೊಂಡಿರುತ್ತವೆ, ಅಷ್ಟೇ. 1970ರ ದಶಕದಲ್ಲಿ ಮನೋವಿಜ್ಞಾನಿ ಎಲಿನೋರ್ ರೋಶ್ ಇದನ್ನು ಪ್ರಯೋಗಕ್ಕೆ ಒಡ್ಡಿದರು. ಗುಬ್ಬಚ್ಚಿಯೂ ಪೆಂಗ್ವಿನ್ನೂ ಹಕ್ಕಿಗಳೇ, ಆದರೂ ಗುಬ್ಬಚ್ಚಿ 'ಹೆಚ್ಚು ಹಕ್ಕಿ' ಎಂದೇ ಜನ ಹೇಳಿದರು. ಇಂಥ ಮಾದರಿ ಸದಸ್ಯರನ್ನು ಗುರುತಿಸುವುದರಲ್ಲೂ ಅವರು ಚುರುಕು. ಲಕ್ಷಣವೇ ಎಲ್ಲವನ್ನೂ ನಿರ್ಧರಿಸುವುದಾಗಿದ್ದರೆ ಒಳಗಿರುವವರೆಲ್ಲ ಸಮಾನರಾಗಿರಬೇಕಿತ್ತು. ಮನಸ್ಸಿನಲ್ಲಿ ಒಂದು ಮಾದರಿ ಇರುತ್ತದೋ, ಕಂಡ ಒಂದೊಂದೂ ಬಿಡಿಬಿಡಿಯಾಗಿ ಉಳಿದಿರುತ್ತದೋ ಎಂಬ ವಾದವನ್ನು 1978ರಲ್ಲಿ ಡಗ್ಲಸ್ ಮೆಡಿನ್ ಮತ್ತು ಮಾರ್ಗರೀಟ್ ಶಾಫರ್ ಎತ್ತಿದರು. ಅದು ಇಂದಿಗೂ ಮುಗಿದಿಲ್ಲ.

ಮಾತು ಬಾರದ ಕೂಸುಗಳೂ ಸಾಕ್ಷಿ ಹೇಳಿದವು. ಮೂರು-ನಾಲ್ಕು ತಿಂಗಳ ಮಕ್ಕಳಿಗೆ ಸಾಲಾಗಿ ಬೆಕ್ಕುಗಳ ಚಿತ್ರ ತೋರಿಸಿ, ಕೊನೆಗೆ ಇನ್ನೊಂದು ಹೊಸ ಬೆಕ್ಕಿನ ಜೊತೆ ನಾಯಿಯನ್ನಿಟ್ಟರೆ, ಅವು ನಾಯಿಯನ್ನೇ ಹೆಚ್ಚು ಹೊತ್ತು ನೋಡುತ್ತವೆ. 1993ರ ಪ್ರಯೋಗವಿದು.

ಕಾಡಿನಲ್ಲಂತೂ ವಿಂಗಡಣೆ ಜೀವದ ಪ್ರಶ್ನೆ. ಕೀನ್ಯಾದ ಅಂಬೊಸೆಲಿಯ ವರ್ವೆಟ್ ಕೋತಿಗಳು ಚಿರತೆಗೆ ಒಂದು, ಹದ್ದಿಗೆ ಒಂದು, ಹಾವಿಗೆ ಒಂದು ಬೇರೆ ಕೂಗು ಹಾಕುತ್ತವೆ. ರಾಬರ್ಟ್ ಸೇಫಾರ್ತ್, ಡೊರೊತಿ ಚೆನಿ, ಪೀಟರ್ ಮಾರ್ಲರ್ ಆ ಕೂಗುಗಳ ಧ್ವನಿಮುದ್ರಣವನ್ನು ಕೇಳಿಸಿದಾಗ, ಮೊದಲನೆಯದಕ್ಕೆ ಕೋತಿಗಳು ಮರ ಹತ್ತಿದವು, ಎರಡನೆಯದಕ್ಕೆ ಆಕಾಶ ನೋಡಿದವು, ಮೂರನೆಯದಕ್ಕೆ ನೆಲ ನೋಡಿದವು. 1980ರಲ್ಲಿ ಪ್ರಕಟವಾದ ಈ ವರದಿಯಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಮರಿಗಳ ನಡವಳಿಕೆ. ಅವು ಅಪಾಯವಿಲ್ಲದ ಹಕ್ಕಿಗೂ ಹದ್ದಿನ ಕೂಗು ಹಾಕುತ್ತವೆ, ಉದುರುವ ಎಲೆಗೂ ಹಾಕುತ್ತವೆ. ಆದರೆ ಚಿರತೆಯ ಕೂಗನ್ನು ಎಲೆಗೆ ಹಾಕುವುದಿಲ್ಲ. 'ಮೇಲಿನಿಂದ ಬರುವುದು' ಎಂಬ ದೊಡ್ಡ ಗುಂಪು ಮೊದಲೇ ಇರುತ್ತದೆ; ದೊಡ್ಡವರಾಗುತ್ತ ಅದು ಕೋತಿ ಹಿಡಿಯುವ ಹದ್ದಿನವರೆಗೆ ಕಿರಿದಾಗುತ್ತದೆ.

ಹಾಗಾದರೆ ಮನುಷ್ಯನ ಪಾಲಿಗೆ ಉಳಿದದ್ದೇನು? 2011ರಲ್ಲಿ ಡೇವಿಡ್ ಸ್ಮಿತ್ ಮತ್ತು ಸಂಗಡಿಗರು ಎರಡು ಬಗೆಯ ವಿಂಗಡಣೆಯನ್ನು ಪಾರಿವಾಳಗಳ ಮುಂದಿಟ್ಟರು. ಒಂದರಲ್ಲಿ ಒಂದೇ ಗುಣ ನೋಡಿದರೆ ಸಾಕು, ನಿಯಮವನ್ನು ಮಾತಿನಲ್ಲಿ ಹೇಳಬಹುದು. ಇನ್ನೊಂದರಲ್ಲಿ ಎರಡು ಗುಣಗಳನ್ನು ಬೆರೆಸಿಯೇ ತೂಗಬೇಕು. ಮನುಷ್ಯರೂ ಕೋತಿಗಳೂ ಮೊದಲನೆಯದನ್ನು ಬೇಗ ಕಲಿಯುತ್ತವೆ. ಪಾರಿವಾಳಗಳಿಗೆ ಎರಡೂ ಒಂದೇ. ಹಿಡಿದ ಸಮಯವೂ ಸಮ. ಎರಡನೆಯ ಬಗೆಯನ್ನು ಮನುಷ್ಯರೂ ಅಭ್ಯಾಸದಿಂದ ಚೆನ್ನಾಗಿ ಕಲಿಯುತ್ತಾರೆ. ಹೇಗೆ ಬೇರ್ಪಡಿಸಿದಿರಿ ಎಂದು ಕೇಳಿದರೆ ಮಾತ್ರ ವಿವರಿಸಲು ತಡಕಾಡುತ್ತಾರೆ, ಹಸುವನ್ನು ದೂರದಿಂದಲೇ ಗುರುತಿಸಿ ಗಂಗೆದೊಗಲಿನ ಹೆಸರೇ ಗೊತ್ತಿಲ್ಲದ ಮಗುವಿನಂತೆ.