ರಾತ್ರಿ ಜಡೆ ಹಾಕಿ ಮಲಗಿದರೆ ಕೂದಲು ಉದ್ದ ಆಗುತ್ತಾ?

ಪ್ರಶ್ನೆ: ಆಫೀಸು, ಮನೆ, ಮಕ್ಕಳು ಅಂತ ಓಡಾಡುವುದರಲ್ಲಿ ಕೂದಲಿಗೆ ಸಮಯವೇ ಸಿಗುವುದಿಲ್ಲ. ಮಲಗುವ ಮುಂಚೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡರೆ ಚೆನ್ನಾಗಿ ಬೆಳೆಯುತ್ತದೆ ಅಂತ ನಮ್ಮತ್ತೆ ಹೇಳುತ್ತಾರೆ. ನಿಜವೇ? ಅಷ್ಟೇ ಮಾಡಿದರೆ ಸಾಕೇ?

ಉತ್ತರ: ಜಡೆ ಹಾಕಿಕೊಂಡೇ ಮಲಗಿ, ನಿಮ್ಮತ್ತೆ ಹೇಳಿದ್ದು ಮುಕ್ಕಾಲು ಪಾಲು ಸರಿ. ಆ ‘ಬಿಗಿಯಾಗಿ’ ಅನ್ನುವುದನ್ನು ಮಾತ್ರ ಬಿಟ್ಟುಬಿಡಿ.

ಕೂದಲು ಬೆಳೆಯುವುದು ನೆತ್ತಿಯ ಚರ್ಮದೊಳಗಿರುವ ಬುಡದಲ್ಲಿ. ಹೊರಗೆ ಕಾಣುವ ಎಳೆಗೆ ಜೀವವಿಲ್ಲ. ಅದನ್ನು ಹೆಣೆದರೂ ಒಂದೇ, ಬಿಚ್ಚಿ ಹರಡಿದರೂ ಒಂದೇ, ಬುಡಕ್ಕೆ ಅದರ ಸುದ್ದಿ ಮುಟ್ಟುವುದಿಲ್ಲ. ಬುಡ ತನ್ನ ಪಾಡಿಗೆ ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಂದರೆ ವರ್ಷಕ್ಕೆ ಸುಮಾರು 15 ಸೆಂ.ಮೀ. ಬೆಳೆಸುತ್ತಾ ಹೋಗುತ್ತದೆ. ಒಂದು ಎಳೆ ಸಾಮಾನ್ಯವಾಗಿ 2ರಿಂದ 6 ವರ್ಷ ಬೆಳೆದು, ಆಮೇಲೆ ಮೂರು ತಿಂಗಳಷ್ಟು ಕಾಲ ಸುಮ್ಮನಿದ್ದು ಉದುರುತ್ತದೆ. ಬೆಳೆಯುವ ಅವಧಿ ಎಷ್ಟು ಅನ್ನುವುದು ಬಹುಮಟ್ಟಿಗೆ ಹುಟ್ಟಿನಿಂದಲೇ ಬಂದದ್ದು. ಒಬ್ಬರ ಜಡೆ ಮಂಡಿ ಮುಟ್ಟಿದರೆ ಇನ್ನೊಬ್ಬರದು ಏನು ಮಾಡಿದರೂ ನಡುಬೆನ್ನಿಗೆ ನಿಲ್ಲುವುದು ಅದಕ್ಕೇ.

ಆದರೆ ನಮ್ಮಲ್ಲಿ ಹೆಚ್ಚಿನವರ ಕೂದಲು ಆ ಮಿತಿಯನ್ನು ಮುಟ್ಟುವುದೇ ಇಲ್ಲ. ದಾರಿಯಲ್ಲೇ ತುಂಡಾಗುತ್ತದೆ. ಲೆಕ್ಕ ಹಾಕಿ ನೋಡಿ: 60 ಸೆಂ.ಮೀ. ಉದ್ದದ ಕೂದಲಿನ ತುದಿಗೆ ನಾಲ್ಕು ವರ್ಷ ವಯಸ್ಸು. ವಾರಕ್ಕೆರಡು ಸಲ ತಲೆಸ್ನಾನ ಅಂದರೂ ಆ ತುದಿ ನಾನೂರಕ್ಕಿಂತ ಹೆಚ್ಚು ಬಾರಿ ಶಾಂಪೂ, ಟವೆಲ್ಲು, ಬಾಚಣಿಗೆ ಕಂಡಿದೆ. ನಾಲ್ಕು ವರ್ಷ ಒಗೆದ ಹತ್ತಿ ಸೀರೆಯ ಅಂಚು ಎಷ್ಟು ಗಟ್ಟಿ ಇರುತ್ತದೋ ಅಷ್ಟೇ ಗಟ್ಟಿ. ಇದರ ಮೇಲೆ ರಾತ್ರಿಯಿಡೀ ದಿಂಬಿಗೆ ಉಜ್ಜಿ ಸಿಕ್ಕಾಗಿ, ಬೆಳಗ್ಗೆ ಬಸ್ಸಿಗೆ ಹೊತ್ತಾಯಿತು ಅಂತ ಬರಬರ ಎಳೆದು ಬಾಚಿದರೆ ಉಳಿಯುವುದು ಹೇಗೆ? ಜಡೆಯ ಉಪಕಾರ ಇಲ್ಲಿದೆ. ಹೊಸದಾಗಿ ಏನನ್ನೂ ಅದು ಬೆಳೆಸುವುದಿಲ್ಲ, ಬೆಳೆದದ್ದನ್ನು ಉಳಿಸಿಕೊಡುತ್ತದೆ.

ನಿಮ್ಮದು ಉದುರುತ್ತಿದೆಯೋ ತುಂಡಾಗುತ್ತಿದೆಯೋ ತಿಳಿಯಲು ಯಾವ ಕ್ಲಿನಿಕ್ಕಿಗೂ ಹೋಗಬೇಕಿಲ್ಲ. ಬಾಚಣಿಗೆಯಲ್ಲಿ ಸಿಕ್ಕ ಎಳೆಗಳನ್ನು ಬಿಳಿ ಕಾಗದದ ಮೇಲೆ ಬಿಡಿಸಿಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗಂಟು ಕಂಡರೆ ಅದು ತನ್ನ ಕಾಲ ಮುಗಿಸಿ ಬುಡದಿಂದ ಬಂದ ಕೂದಲು. ದಿನಕ್ಕೆ 50ರಿಂದ 100 ಹೀಗೆ ಬೀಳುವುದು ಸಹಜ. ಗಂಟೇ ಇಲ್ಲದ, ಗಿಡ್ಡ ಗಿಡ್ಡ ಚೂರುಗಳೇ ಹೆಚ್ಚಿದ್ದರೆ ಅವು ತುಂಡಾದವು. ಜಡೆಯಿಂದ ಲಾಭ ಆಗುವುದು ಈ ಎರಡನೆಯವರಿಗೆ.

ಇನ್ನು ಹಾಕುವ ರೀತಿ. ಕೂದಲು ಪೂರ್ತಿ ಒಣಗಿರಲಿ. ಒದ್ದೆ ಕೂದಲು ಒಣಗಿದ್ದಕ್ಕಿಂತ ಹೆಚ್ಚು ಹಿಗ್ಗುತ್ತದೆ, ಎಳೆದರೆ ಸುಲಭವಾಗಿ ತುಂಡಾಗುತ್ತದೆ. ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸಿಕೊಂಡು ಬನ್ನಿ. ಕತ್ತಿನ ಹತ್ತಿರ ಒಂದೇ ಮೂರೆಳೆ ಜಡೆ ಸಾಕು. ಮೊದಲ ಹೆಣಿಗೆಯೊಳಗೆ ಬೆರಳು ಸಲೀಸಾಗಿ ತೂರುವಷ್ಟು ಸಡಿಲ ಬಿಡಿ. ಕೊನೆಗೆ ಬಟ್ಟೆಯ ಬ್ಯಾಂಡ್ ಹಾಕಿ. ಹಾಲಿನ ಪ್ಯಾಕೆಟ್ಟಿಗೆ, ಸೊಪ್ಪಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಖಂಡಿತ ಬೇಡ, ಬಿಚ್ಚುವಾಗ ಅದು ನಾಲ್ಕು ಎಳೆಯಾದರೂ ಕಿತ್ತುಕೊಂಡೇ ಬರುತ್ತದೆ. ರೇಷ್ಮೆ ದಿಂಬಿನ ಕವರ್ ಕೊಳ್ಳಲೇಬೇಕು ಅನ್ನುವುದೆಲ್ಲ ಜಾಹೀರಾತಿನ ಮಾತು. ಹಳೇ ನುಣುಪಿನ ದುಪಟ್ಟಾ ದಿಂಬಿನ ಮೇಲೆ ಹಾಸಿಕೊಂಡರೂ ಉಜ್ಜಾಟ ಕಡಿಮೆಯಾಗುತ್ತದೆ.

ಬಿಗಿ ಯಾಕೆ ಬೇಡ? ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಂದೇ ಕಡೆ ಎಳೆತ ಬಿದ್ದರೆ ಬುಡವೇ ಸೋಲುತ್ತದೆ. ವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೋಪೀಶಿಯಾ ಅನ್ನುತ್ತಾರೆ. ಹಣೆಯ ಅಂಚು, ಕಿವಿಯ ಮೇಲ್ಭಾಗ ಮೊದಲು ತೆಳುವಾಗುತ್ತವೆ. ಅಂಚಿನಲ್ಲಿ ಪುಟ್ಟ ಪುಟ್ಟ ಕೂದಲು ಉಳಿದು, ಅದರ ಹಿಂದೆ ಖಾಲಿ ಜಾಗ ಕಾಣುವುದು ಇದರ ಗುರುತು. ಬೇಗ ಎಚ್ಚೆತ್ತು ಎಳೆತ ನಿಲ್ಲಿಸಿದರೆ ಮತ್ತೆ ಬರುತ್ತದೆ. ವರ್ಷಗಳು ಕಳೆದು ಬುಡದ ಜಾಗ ಕಲೆಗಟ್ಟಿದರೆ ಬರುವುದಿಲ್ಲ. ನಮ್ಮ ಶಾಲೆಗಳಲ್ಲಿ ಹುಡುಗಿಯರಿಗೆ ಎರಡು ಜಡೆ ಮಡಚಿ ರಿಬ್ಬನ್ ಕಟ್ಟುವಾಗ ಹುಬ್ಬು ಮೇಲೇರುವಷ್ಟು ಎಳೆಯುವುದನ್ನು ನೋಡಿದರೆ ನನಗಂತೂ ಸಿಟ್ಟು ಬರುತ್ತದೆ. ಭರತನಾಟ್ಯಕ್ಕೆ, ಮದುವೆಗೆ ಹಾಕುವ ಚೌರಿ, ಮೊಗ್ಗಿನ ಜಡೆ ಒಂದು ದಿನದ ಮಾತಾದರೆ ತೊಂದರೆಯಿಲ್ಲ. ವಾರವಾರ ಅಷ್ಟು ಭಾರ ಹೊರುವವರು ಹಣೆಯಂಚನ್ನು ಆಗಾಗ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಹೆಣೆದಾಗ ನೆತ್ತಿ ನೋಯಿತೆಂದರೆ ಬಿಗಿ ಹೆಚ್ಚಾಯಿತೆಂದೇ ಅರ್ಥ.

ಇತ್ತೀಚೆಗೆ ರೀಲ್ಸ್‌ನಲ್ಲಿ ‘ಪ್ರೊಟೆಕ್ಟಿವ್ ಸ್ಟೈಲ್’ ಅಂತ ತಲೆತುಂಬ ಸಣ್ಣ ಸಣ್ಣ ಜಡೆ ಹಾಕಿ ವಾರಗಟ್ಟಲೆ ಬಿಡುವುದನ್ನು ತೋರಿಸುತ್ತಾರೆ. ಅದು ಆಫ್ರಿಕಾದ ಮತ್ತು ಅಮೆರಿಕದ ಕಪ್ಪು ಹೆಂಗಸರು ತಮ್ಮ ಕೂದಲಿಗಾಗಿ ರೂಢಿಸಿಕೊಂಡ ಪದ್ಧತಿ. ಸ್ಪ್ರಿಂಗಿನಂತೆ ಸುರುಳಿಯಾದ ಕೂದಲಿನಲ್ಲಿ ನೆತ್ತಿಯ ಜಿಡ್ಡು ತುದಿಯವರೆಗೆ ಇಳಿಯುವುದಿಲ್ಲ. ಹಾಗಾಗಿ ಬೇಗ ಒಣಗುತ್ತದೆ, ತಿರುವು ಇರುವಲ್ಲೆಲ್ಲ ಮುರಿಯುತ್ತದೆ. ಕೈಯಾಡಿಸದೆ ಹೆಣೆದಿಡುವುದರಿಂದ ಅವರಿಗೆ ನಿಜಕ್ಕೂ ಅನುಕೂಲ. ಯಲ್ಲಾಪುರ, ಹಳಿಯಾಳದ ಕಡೆಯ ನಮ್ಮ ಸಿದ್ದಿ ಸಮುದಾಯದಲ್ಲೂ ಇಂಥ ಕೂದಲಿನವರಿದ್ದಾರೆ. ನೇರ ಅಥವಾ ಅಲೆಅಲೆಯಾದ ಕೂದಲಿನಲ್ಲಿ ಜಿಡ್ಡು ಬೇಗ ಕೆಳಗಿಳಿಯುತ್ತದೆ. ಅಂಥವರು ತಿಂಗಳುಗಟ್ಟಲೆ ಹೆಣೆದಿಟ್ಟರೆ ಸಿಗುವುದು ಹೊಟ್ಟು ಮತ್ತು ತುರಿಕೆ.

ಎಣ್ಣೆಯ ವಿಷಯ. ಕೊಬ್ಬರಿ ಎಣ್ಣೆ ಎಳೆಯೊಳಗೆ ಇಳಿದು, ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವಾಗುವುದನ್ನು ತಗ್ಗಿಸುತ್ತದೆ ಎಂದು 2003ರ ಒಂದು ಅಧ್ಯಯನ ತೋರಿಸಿತು. ಸೂರ್ಯಕಾಂತಿ ಎಣ್ಣೆಯಾಗಲಿ, ಮಿನರಲ್ ಆಯಿಲ್ ಆಗಲಿ ಈ ಕೆಲಸ ಮಾಡಲಿಲ್ಲ. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಅನ್ನುವುದೂ ನೆನಪಿರಲಿ. ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕೂದಲಿನ ಉದ್ದಕ್ಕೆ ಹಚ್ಚಿದರೆ ಸಾಕು. ಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಬೇಡಿ, ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಜಿಡ್ಡೇ ಊಟ. ತೊಳೆಯಲು ಸೀಗೆಪುಡಿಯೋ ಶಾಂಪೂವೋ, ನಿಮಗೆ ಒಗ್ಗಿದ್ದು. ಬೋರ್‌ವೆಲ್ ನೀರಿನವರಿಗೆ ಕಂಡೀಷನರ್ ಬೇಕೇ ಬೇಕು. ತುದಿ ಸೀಳಿದ್ದರೆ ಮೂರ್ನಾಲ್ಕು ತಿಂಗಳಿಗೊಮ್ಮೆ ಒಂದಿಂಚು ಕತ್ತರಿಸಿ. ಕತ್ತರಿಸಿದರೆ ಬೇಗ ಬೆಳೆಯುತ್ತದೆ ಅಂತಲ್ಲ, ಸೀಳು ಮೇಲಕ್ಕೆ ಹತ್ತದಿರಲಿ ಅಂತ.

ಕಾಗದದ ಮೇಲೆ ಗಂಟಿರುವ ಕೂದಲೇ ರಾಶಿ ಬಿದ್ದಿದ್ದರೆ ಜಡೆಯಿಂದ ಏನೂ ಆಗುವುದಿಲ್ಲ. ಎರಡು ಮೂರು ತಿಂಗಳ ಹಿಂದೆ ಡೆಂಗಿ, ಟೈಫಾಯಿಡ್ ಬಂದಿತ್ತೇ, ಹೆರಿಗೆ ಆಗಿತ್ತೇ ನೆನಪಿಸಿಕೊಳ್ಳಿ. ಅಂಥ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ಹತೋಟಿಗೆ ಬರುತ್ತದೆ. ಅದ್ಯಾವುದೂ ಇಲ್ಲದೆ ಉದುರುತ್ತಿದ್ದರೆ ಡಾಕ್ಟರ ಹತ್ತಿರ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅನ್ನುವುದನ್ನು ತಿಳಿಸುವ ರಕ್ತಪರೀಕ್ಷೆ), ಥೈರಾಯ್ಡ್ ಪರೀಕ್ಷೆ ಮಾಡಿಸಿ. ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರಂತೂ ಎಣ್ಣೆ ಬದಲಿಸುತ್ತಾ ಕಾಲ ಕಳೆಯಬೇಡಿ, ಚರ್ಮರೋಗ ತಜ್ಞರನ್ನು ಈ ತಿಂಗಳೇ ನೋಡಿ.