ಅಲೈನ್‌ಮೆಂಟ್ ಮಾಡಿಸಿದ್ರೂ ಸ್ಟೇರಿಂಗ್ ನಡುಗೋದ್ಯಾಕೆ?

ಪ್ರಶ್ನೆ: "ಸರ, ಕುಷ್ಟಗಿ ಹೈವೇದಾಗ 80 ದಾಟಿತಂದ್ರ ಸ್ಟೇರಿಂಗ್ ಗಡಗಡ ನಡುಗತೈತ್ರಿ. ಎರಡ್ ಸಲ ಅಲೈನ್‌ಮೆಂಟ್ ಮಾಡಿಸೀನ್ರಿ, ಹೋಗವಲ್ದು. ಏನ್ ಮಾಡ್ಲಿ?"

ಮೂರನೇ ಸಲ ಮಾಡಿಸಬೇಡಿ. ಗಂಗಾವತಿಯ ನಮ್ಮ ಗ್ಯಾರೇಜಿಗೆ ಬಂದವರಿಗೆಲ್ಲ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಇಂಥ ನಡುಕಕ್ಕೂ ಅಲೈನ್‌ಮೆಂಟಿಗೂ ನೇರ ಸಂಬಂಧ ಇಲ್ಲ.

ಅಲೈನ್‌ಮೆಂಟ್ ಅಂದರೆ ಚಕ್ರ ಯಾವ ಕೋನದಲ್ಲಿ ನಿಂತಿದೆ ಅನ್ನೋ ಲೆಕ್ಕ. ಅದು ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತೆ, ಟೈರಿನ ಒಂದೇ ಅಂಚು ಸವೆಯುತ್ತೆ, ನೇರ ಹೋಗುವಾಗಲೂ ಸ್ಟೇರಿಂಗ್ ಓರೆ ಇರುತ್ತೆ. ನಿಗದಿತ ವೇಗದಲ್ಲಿ ಮಾತ್ರ ಹುಟ್ಟೋ ನಡುಕಕ್ಕೆ ಮೊದಲು ನೋಡಬೇಕಾದದ್ದು ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತಲೂ ತೂಕ ಸಮ ಇದೆಯೋ ಇಲ್ಲವೋ ಅನ್ನೋದು. ಎರಡಕ್ಕೂ ಮಷೀನೇ ಬೇರೆ. ಒಂದೇ ಅಂಗಡಿಯಲ್ಲಿ, ಒಂದೇ ಬಿಲ್ಲಿನಲ್ಲಿ ಮಾಡಿಸಿ ಮಾಡಿಸಿ ಜನ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ.

ಚಕ್ರದ ಒಂದು ಕಡೆ ಬರೀ 50 ಗ್ರಾಂ ತೂಕ ಹೆಚ್ಚಿದ್ದರೆ ಏನು ಮಾಡೀತು ಅಂತೀರಿ. ಸಣ್ಣ ಕಾರಿನ ಚಕ್ರ 80ರ ವೇಗದಲ್ಲಿ ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತೆ. ರಿಮ್ಮಿನ ಅಂಚಿನಲ್ಲಿ 50 ಗ್ರಾಂ ಹೆಚ್ಚಿದ್ದರೆ, ಹತ್ತಿರ ಹತ್ತಿರ 5 ಕಿಲೋ ಭಾರದಷ್ಟು ಜೋರಲ್ಲಿ ಅದು ಪ್ರತಿ ಸುತ್ತಿಗೂ ಚಕ್ರವನ್ನು ಜಗ್ಗುತ್ತೆ. 40ರಲ್ಲಿ ಆ ಜೋರು ಅದರ ಕಾಲು ಭಾಗ, ಅದಕ್ಕೇ ಊರೊಳಗೆ ಗೊತ್ತಾಗಲ್ಲ.

ನಮ್ಮ ಕಡೆ ಆ 50 ಗ್ರಾಂ ಎಲ್ಲಿಂದ ಬರುತ್ತೆ ಗೊತ್ತಾ? ಎರೆಮಣ್ಣು. ಭತ್ತದ ಗದ್ದೆ ದಾರಿಯಲ್ಲಿ ಹೋಗಿಬಂದ ಗಾಡಿಯೊಂದರ ಚಕ್ರ ಬಿಚ್ಚಿದೆ. ರಿಮ್ಮಿನ ಒಳಮೈಗೆ ಅಂಗೈಯಗಲದ ಮಣ್ಣಿನ ಹೆಂಟೆ ಒಣಗಿ ಕಲ್ಲಾಗಿ ಕೂತಿತ್ತು. ಹೊರಗಿನಿಂದ ಗಾಡಿ ತೊಳೆದು ಫಳಫಳ ಅಂತಿತ್ತು. ಸ್ಕ್ರೂಡ್ರೈವರಿನಿಂದ ಕೆರೆದು ನೀರು ಬಿಟ್ಟೆವು. ನಡುಕ ಅಲ್ಲಿಗೇ ಹೋಯ್ತು, ತೂಕ ಸಮ ಮಾಡೋಕೆ ಅಂತ ರಿಮ್ಮಿಗೆ ಬಡಿಯೋ ತೂಕದ ತುಣುಕು ಒಂದೂ ಬೇಕಾಗಲಿಲ್ಲ. ಹಾಗಾಗಿ ದುಡ್ಡು ಬಿಚ್ಚೋಕೆ ಮುಂಚೆ ರಿಮ್ಮಿನ ಒಳಗೆ ಕೈ ಹಾಕಿ ನೋಡಿ.

ಮಣ್ಣಿಲ್ಲದಿದ್ದರೆ ಬ್ಯಾಲೆನ್ಸಿಂಗ್ ಮಾಡಿಸಿ. ಆಮೇಲೂ ನಡುಗಿದರೆ ರಿಮ್ ಬಾಗಿದೆಯಾ, ಟೈರ್ ಉಬ್ಬಿದೆಯಾ ನೋಡಿಸಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಮುಂದಿನ ಚಕ್ರದ ಬ್ರೇಕ್ ಡಿಸ್ಕ್ ಮೇಲೆ ಅನುಮಾನ ಇಡಿ. ನಡುಕ ಸ್ಟೇರಿಂಗಿಗಿಂತ ಸೀಟಿನಲ್ಲಿ ಹೆಚ್ಚಿದ್ದರೆ ಹಿಂದಿನ ಚಕ್ರ ನೋಡಿ.

ಟೈರಿನ ಮಾತು ಬಂತು, ಇದನ್ನೂ ಕೇಳಿ. ಬೇಸಿಗೆ ಬಂತು ಅಂತ ಗಾಳಿ ಕಮ್ಮಿ ಹಾಕಿಸೋರು ಬಹಳ ಜನ. ರಾಯಚೂರು ಬಿಸಿಲಿಗೆ ಟೈರ್ ಸಿಡಿಯುತ್ತೆ ಅನ್ನೋ ಭಯ. ಗಾಳಿ ಕಮ್ಮಿಯಾದಷ್ಟೂ ಟೈರಿನ ಪಕ್ಕೆ ಹೆಚ್ಚು ಮಡಚುತ್ತೆ, ಮಡಚಿದಷ್ಟೂ ಕಾಯುತ್ತೆ, ಸಿಡಿಯೋದು ಆಗ. ಸ್ಟೇರಿಂಗೂ ಭಾರ ಆಗುತ್ತೆ. ಡ್ರೈವರ್ ಬಾಗಿಲಿನ ಹತ್ತಿರ ಚೀಟಿ ಅಂಟಿಸಿರ್ತಾರೆ, ಅದರಲ್ಲಿರೋ ಅಳತೆಯಷ್ಟೇ ಹಾಕಿಸಿ. ಬೆಳಿಗ್ಗೆ ಹಾಕಿಸಿ, ಗಾಡಿ ಓಡಿ ಟೈರ್ ಕಾಯೋಕೆ ಮುಂಚೆ.