ಮುಳ್ಳಿಗೆ ಬಿಳಿ ಅಂಗಿ ಗೊತ್ತಿಲ್ಲ

ಪೆಂಟಾಕ್ಸ್ ಕೆ1000 ಎಂಬ ಫಿಲ್ಮ್ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದರೆ ಬಲಗಡೆ ಅಂಚಿನಲ್ಲಿ ಸಣ್ಣದೊಂದು ಮುಳ್ಳು ಕಾಣುತ್ತದೆ. ಬೆಳಕು ಜಾಸ್ತಿಯಾದರೆ ಮೇಲೇರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಬೆಳಕು ಎಷ್ಟು ಹೊತ್ತು ಒಳಬರಬೇಕು ಅಂತ ಹೇಳುವ ಶಟರ್ ಚಕ್ರವನ್ನೋ, ಬೆಳಕಿನ ಕಿಂಡಿ ಎಷ್ಟು ತೆರೆಯಬೇಕು ಅಂತ ಹೇಳುವ ಲೆನ್ಸಿನ ಅಪರ್ಚರ್ ಬಳೆಯನ್ನೋ ತಿರುಗಿಸಿ ಅದನ್ನು ಮಧ್ಯಕ್ಕೆ ತರಬೇಕು. ತಂದರೆ ಫೋಟೋ ಸರಿಯಾಗಿ ಬರುತ್ತದೆ ಅಂತ ನಾನೂ ನಂಬಿದ್ದೆ.

ಮೊದಲ ಕಪ್ಪು-ಬಿಳುಪು ರೋಲಿನಲ್ಲಿ ಅಪ್ಪನ ಫೋಟೋ ತೆಗೆದೆ. ಬಿಳಿ ಪಂಚೆ, ಬಿಳಿ ಅಂಗಿ, ಹಿಂದೆ ಸುಣ್ಣ ಹೊಡೆದ ಗೋಡೆ. ಮುಳ್ಳು ನಟ್ಟನಡುವೆ ನಿಂತಿತ್ತು. ಪ್ರಿಂಟ್ ಬಂದಾಗ ನೋಡಿದರೆ ಅಂಗಿಗೂ ಗೋಡೆಗೂ ಒಲೆಯ ಬೂದಿಯ ಬಣ್ಣ. ಅಪ್ಪನ ಕಣ್ಣುಗಳಂತೂ ನೆರಳಿನಲ್ಲಿ ಮುಳುಗಿಹೋಗಿದ್ದವು.

ಮುಳ್ಳನ್ನು ಆಡಿಸುವ, ಬೆಳಕು ಅಳೆಯುವ ಮೀಟರ್ ಕೆಟ್ಟಿರಲಿಲ್ಲ. ಅದರ ಕೆಲಸ ತುಂಬ ಸರಳ. ಒಳಗೆ ಕ್ಯಾಡ್ಮಿಯಂ ಸಲ್ಫೈಡ್ ಸೆಲ್ ಇದೆ. ಅದರ ಮೇಲೆ ಬೆಳಕು ಬಿದ್ದಷ್ಟೂ ಕರೆಂಟಿಗೆ ಒಡ್ಡುವ ತಡೆ ಇಳಿಯುತ್ತದೆ, ಪುಟ್ಟ ಬ್ಯಾಟರಿಯಿಂದ ಕರೆಂಟ್ ಹೆಚ್ಚು ಹರಿಯುತ್ತದೆ, ಮುಳ್ಳು ಸರಿಯುತ್ತದೆ. ಈ ಕ್ಯಾಮೆರಾದಲ್ಲಿ ಮೀಟರಿಗೆ ಬೇರೆ ಸ್ವಿಚ್ಚೇ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕಿ ಕತ್ತಲು ಮಾಡಿದರೆ ಬ್ಯಾಟರಿ ಉಳಿಯುತ್ತದೆ.

ಆ ಸೆಲ್‌ಗೆ ಅಂಗಿ ಯಾವುದು, ಗೋಡೆ ಯಾವುದು, ಎಮ್ಮೆ ಯಾವುದು ಒಂದೂ ತಿಳಿಯದು. ಕಣ್ಣ ಮುಂದಿರುವುದೆಲ್ಲ ಸೇರಿ ನಡುವಿನ ಬೂದು ಬಣ್ಣ, ಫೋಟೋಗ್ರಾಫರ್‌ಗಳು 18% ಬೂದು ಅನ್ನುತ್ತಾರಲ್ಲ, ಅದು ಅಂತಲೇ ಲೆಕ್ಕ. ಮರ, ರಸ್ತೆ, ಜನ ಎಲ್ಲ ಬೆರೆತ ದೃಶ್ಯದಲ್ಲಿ ಈ ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. ಆದರೆ ಫ್ರೇಮ್ ತುಂಬ ಬಿಳಿಯೇ ಇದ್ದರೆ 'ಬೆಳಕು ಜಾಸ್ತಿಯಾಯಿತು' ಅನ್ನುತ್ತದೆ, ನಾವು ತಗ್ಗಿಸುತ್ತೇವೆ, ಬಿಳಿ ಬೂದಿಯಾಗುತ್ತದೆ. ಕರಿ ಎಮ್ಮೆಯೇ ತುಂಬಿಕೊಂಡರೆ ಉಲ್ಟಾ. ನಾವು ಬೆಳಕು ಹೆಚ್ಚಿಸುತ್ತೇವೆ, ಎಮ್ಮೆಯೂ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು. ಮುಳ್ಳು 1/500 ಸೆಕೆಂಡ್ ಅಂದಿದ್ದಾಗ ನಾನು 1/125 ಇಟ್ಟಿದ್ದರೆ ಫಿಲ್ಮಿಗೆ ಎರಡು ಸ್ಟಾಪ್, ಅಂದರೆ ನಾಲ್ಕರಷ್ಟು ಬೆಳಕು ಸಿಗುತ್ತಿತ್ತು. ಅಂಗಿ ಬೆಳ್ಳಗೆ ಬರುತ್ತಿತ್ತು. ಈಗ ನಾನು ಅಂಗೈಯನ್ನು ಅದೇ ಬೆಳಕಿನಲ್ಲಿ ಹಿಡಿದು ಅಳೆಯುತ್ತೇನೆ. ಅಂಗೈ ನಡುವಿನ ಬೂದಿಗಿಂತ ಸುಮಾರು ಒಂದು ಸ್ಟಾಪ್ ಬೆಳ್ಳಗಿರುತ್ತದೆ, ಹಾಗಾಗಿ ಮುಳ್ಳು ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು ಕೊಡುತ್ತೇನೆ.

ಬ್ಯಾಟರಿ ಸತ್ತರೂ ಕೆ1000 ನಿಲ್ಲುವುದಿಲ್ಲ, ಶಟರ್ ಪೂರ್ತಿ ಸ್ಪ್ರಿಂಗಿನಿಂದ ನಡೆಯುತ್ತದೆ. ಆಗ ಸೂರ್ಯನನ್ನೇ ನೆಚ್ಚಬೇಕು. ಮೋಡವಿಲ್ಲದ ಮಧ್ಯಾಹ್ನದ ಬಿಸಿಲು ಇವತ್ತಿಗೂ ನಾಳೆಗೂ ಹೆಚ್ಚುಕಡಿಮೆ ಒಂದೇ, ಅಲ್ವಾ? ಅಪರ್ಚರ್ 16ಕ್ಕೆ ಇಡಿ. ಐಎಸ್ಒ (ಬೆಳಕಿಗೆ ಫಿಲ್ಮ್ ಎಷ್ಟು ಚುರುಕು ಅನ್ನುವ ಅಂಕಿ) 100ರ ಫಿಲ್ಮಾದರೆ ಶಟರ್ 1/125. ಇಷ್ಟೇ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವರು ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್. 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಊರಿನ ಬಳಿ ಕಾರಿನಲ್ಲಿ ಹೋಗುತ್ತಿದ್ದರು. ಬೆಟ್ಟಗಳ ಮೇಲೆ ಚಂದ್ರ, ಕೆಳಗೆ ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಕೊನೆಯ ಬಿಸಿಲು. ಕಾರು ನಿಲ್ಲಿಸಿ ದೊಡ್ಡ ಕ್ಯಾಮೆರಾ ಜೋಡಿಸಿದರು. ಬೆಳಕು ಅಳೆಯುವ ಅವರ ವೆಸ್ಟನ್ ಮೀಟರ್ ಎಷ್ಟು ಹುಡುಕಿದರೂ ಸಿಗಲಿಲ್ಲ.

ಆದರೆ ಚಂದ್ರನ ಹೊಳಪು ಅವರಿಗೆ ಬಾಯಿಪಾಠವಾಗಿತ್ತು: ಚದರ ಅಡಿಗೆ 250 ಕ್ಯಾಂಡಲ್. ಚಂದ್ರ ಅಂದರೆ ಬಿಸಿಲಲ್ಲಿ ಬಿದ್ದಿರುವ ಬಂಡೆ ತಾನೇ! ಸಂಜೆಗತ್ತಲು ಇಲ್ಲಿ, ನೆಲದ ಮೇಲೆ, ಅಲ್ಲಿ ಸುಡುಬಿಸಿಲು. ಆ ಚಂದ್ರ ಬೂದಿಯಾಗದೆ ಎರಡು ಸ್ಟಾಪ್ ಬೆಳ್ಳಗೆ ಬರಬೇಕು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ನನ್ನಪ್ಪನ ಅಂಗಿಗೆ ಬೇಕಾಗಿದ್ದದ್ದೂ ಅವೇ ಎರಡು ಸ್ಟಾಪ್. ಹೆಚ್ಚು ಬೆಳಕು ಬೇಡುವ ನಿಧಾನದ ಫಿಲ್ಮು, ಲೆನ್ಸಿನ ಮುಂದೆ ಬೆಳಕು ನುಂಗುವ ಹಳದಿ ಫಿಲ್ಟರ್. ಎಲ್ಲ ಸೇರಿಸಿ ಅಪರ್ಚರ್ 32, ಒಂದು ಸೆಕೆಂಡ್ ಅಂತ ತೀರ್ಮಾನಿಸಿ ಕ್ಲಿಕ್ ಮಾಡಿದರು.

ಎರಡನೇ ಫೋಟೋಗೆಂದು ಫಿಲ್ಮ್ ಹೋಲ್ಡರ್ ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿಬಿಟ್ಟಿತ್ತು.